ಶಲ್ಲೂಮನ ಹೆಣ್ಣುಮಕ್ಕಳು

ಬೆಟಗೇರಿ
ಭಾನುವಾರ ಸಂಜೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ನೀನಿನ್ನೂ ಆಫೀಸಿನಲ್ಲೇ ಇದ್ದಿ. ‘ಅಪ್ಪಾ, ಮಂದಿಗೆ ಹೇಳಿ ಮಾಡಸೂದಕ್ಕಿಂತ ನಾನ ಮಾಡಿದ್ರ ಲಗೂ ಆಕ್ಕೈತಿ’ ಅಂದಿ. ನಿಮ್ಮವ್ವನಿಗೆ ಹೇಳಿದರೆ ಆಕೆ, ‘ನಿಮ್ಮ ಮಗಳಲ್ಲೇನು’ ಅಂದು ಸುಮ್ಮನಾದಳು. ಮಾತು ಖರೇನೇ ಇತ್ತು, ಅದಕ್ಕೇ ನಾಟಿತು.

ನೀನು ಸಣ್ಣಾಕಿ ಇದ್ದಾಗ ನಾನು ಚರ್ಚಿನ ಸಭೆಯ ಕಾರ್ಯದರ್ಶಿಯಾಗಿದ್ದೆ. ಆ ಮಳೆಗಾಲ ಚರ್ಚಿನ ಕಂಪೌಂಡ್ ಗೋಡೆ ಬಿತ್ತು. ಲೆಕ್ಕದ ಪುಸ್ತಕ ನನ್ನ ಬಗಲಲ್ಲಿ, ಸಾಮಾನಿನ ಖೋಲಿಯ ಕೀಲಿ ನನ್ನ ಉಡದಾರದಲ್ಲಿ, ಸಿಮೆಂಟ್ ಚೀಲ ಎಣಿಸುವವನೂ ನಾನೇ. ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದೆ. ಗೌಂಡಿಗಳು ಬಂದು, ಬೀಗದ ಮುಂದೆ ಕುಂತು, ಬೀಡಿ ಸೇದಿ ಹೋದರು. ಖೋಲಿ ಸೋರಿ ಎಂಟು ಚೀಲ ಕಲ್ಲಾದವು. ‘ಒಬ್ಬರೂ ಕೈ ಹಚ್ಚಲಿಲ್ಲ’ ಅಂತ ನಾನು ಚರ್ಚಿನ ಅಯ್ಯನವರ ಮುಂದೆ ಕೂಗಾಡಿದರೆ, ಅವರು ‘ಕೀಲಿ ಯಾರ ಕಡೆ ಇತ್ತು?’ ಅಂತಷ್ಟೇ ಕೇಳಿದರು. ಆಮೇಲೆ ಬೈಬಲಿನ ನೆಹೆಮೀಯನ ಪುಸ್ತಕದ 3ನೇ ಅಧ್ಯಾಯ ಓದಿಕೊಂಡು ಬಾ ಅಂದರು.

ಬರೀ ಹೆಸರುಗಳ ಪಟ್ಟಿ ಅಂತ ನಾವೆಲ್ಲ ಹಾರಿಸಿಬಿಡುವ ಅಧ್ಯಾಯ ಅದು. ಯೆರೂಸಲೇಮಿಗೆ ಬಂದ ನೆಹೆಮೀಯ ಮೂರು ದಿನ ಬಾಯಿ ಬಿಡಲಿಲ್ಲ. ರಾತ್ರಿ ಕೆಲವೇ ಮಂದಿ ಕರಕೊಂಡು ಹೋಗಿ ಬಿದ್ದ ಗೋಡೆಯನ್ನು ಕಣ್ಣಾರೆ ನೋಡಿ ಬಂದ. ಆಮೇಲೆ ಜನರಿಗೆ ‘ಕಟ್ಟಿರಿ’ ಅನ್ನಲಿಲ್ಲ, ‘ಕಟ್ಟೋಣ ಬನ್ನಿ’ ಅಂದ. ಯಾಜಕರು, ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ಎಲ್ಲರೂ ಬಂದರು. ಎಷ್ಟೋ ಮಂದಿ ಕಟ್ಟಿದ್ದು ತಮ್ಮ ತಮ್ಮ ಮನೆ ಎದುರಿನ ತುಂಡನ್ನು. ಸ್ವಂತ ಮನೆಯೆದುರಿನ ಗೋಡೆಯನ್ನು ಯಾರಾದರೂ ಸಡಿಲು ಕಟ್ಟಿಯಾರೇನು? 52 ದಿನಕ್ಕೆ ಗೋಡೆ ಮುಗಿಯಿತು. ತೆಕೋವದ ದೊಡ್ಡ ಮಂದಿ ಹೆಗಲು ಕೊಡಲಿಲ್ಲ. ನೆಹೆಮೀಯ ಅದನ್ನೊಂದು ಸಾಲು ಬರೆದಿಟ್ಟು ಮುಂದೆ ಹೋದ. ಅದೇ ಊರಿನ ಉಳಿದವರು ಎರಡನೇ ತುಂಡನ್ನೂ ಕಟ್ಟಿದರು. ನಿನ್ನ ಆಫೀಸಿನಲ್ಲೂ ಎರಡೂ ನಮೂನೆಯವರು ಇರುತ್ತಾರೆ.

ಅಧಿಪತಿಯಾಗಿದ್ದ ನೆಹೆಮೀಯ ತನಗೆ ಸಲ್ಲುವ ಊಟದ ಖರ್ಚನ್ನು 12 ವರ್ಷ ಮುಟ್ಟಲಿಲ್ಲವಂತೆ. ಅದೊಂದು ನಿನಗೆ ಬೇಡ. ಕಂಪನಿ ಕೊಟ್ಟರೆ ತಗೋ.

ಎಲ್ಲಾ ತಾನೇ ಮಾಡುವ ನಮ್ಮ ಈ ರೋಗ ಮೋಶೆಗೂ ಇತ್ತು. ಬೆಳಿಗ್ಗೆಯಿಂದ ಸಂಜೆತನಕ ಒಬ್ಬನೇ ನ್ಯಾಯ ಹೇಳುತ್ತಿದ್ದ. ಮಾವ ಇತ್ರೋ ಬಂದು, ಹತ್ತು ಮಂದಿಗೊಬ್ಬ, ಐವತ್ತಕ್ಕೊಬ್ಬ, ನೂರಕ್ಕೊಬ್ಬ, ಸಾವಿರಕ್ಕೊಬ್ಬ ಅಂತ ಹಂಚು ಅಂದ. ಅಳಿಯ ಕೇಳಿದ, ಅದು ದೊಡ್ಡದು.

ನಿಮ್ಮಜ್ಜ ಕುಣಿಮಗ್ಗದಲ್ಲಿ ಕೂತರೆ ಅಜ್ಜಿ ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತಿದ್ದಳು. ಸುತ್ತಿದ್ದು ಸಡಿಲಾದರೆ ಲಾಳಿಯೊಳಗೆ ನೂಲು ತೊಡಕುತ್ತಿತ್ತು. ಆದರೆ ಅಜ್ಜ ಎದ್ದು ಬಂದು ತಾನೇ ಸುತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಕಂಡಿಕಿ ತೆಗೆದು ಆಕೆಯ ಕೈಗಿಟ್ಟು, ಬೆರಳಿಂದ ಒತ್ತಿ ತೋರಿಸಿ, ‘ಇಲ್ಲಿ ಮೆತ್ತಗಾಗೇತಿ ನೋಡು’ ಅನ್ನುತ್ತಿದ್ದ. ಆಕೆ ಬಿಚ್ಚಿ ಮತ್ತೆ ಸುತ್ತುವ ತನಕ ಮಗ್ಗ ನಿಂತಿರುತ್ತಿತ್ತು. ನಿಲ್ಲಲಿ ಅಂತ ಕೂತಿರುತ್ತಿದ್ದ.

ನೆಹೆಮೀಯನ ಆ ಪಟ್ಟಿಯಲ್ಲಿ ಶಲ್ಲೂಮ ಅಂತೊಬ್ಬ ಬರುತ್ತಾನೆ, ಯೆರೂಸಲೇಮಿನ ಅರ್ಧ ಜಿಲ್ಲೆಯ ಒಡೆಯ. ಹೆಣ್ಣುಮಕ್ಕಳನ್ನು ಕರಕೊಂಡು ಬಂದು ಗೋಡೆ ಕಟ್ಟಿದ. ಅವರ ಹೆಸರು ಬರೆದಿಲ್ಲ, ನನಗೆ ಅದೊಂದು ಬೇಜಾರು. ಓದುವಾಗೆಲ್ಲ ಅಲ್ಲಿ ನಿನ್ನ ಹೆಸರು ಹಾಕಿಕೊಳ್ಳುತ್ತೇನೆ.

ಅವ್ವ ಶೇಂಗಾ ಹಿಂಡಿ, ಕಟಕ್ ರೊಟ್ಟಿ ಕಳಿಸಿದ್ದಾಳೆ, ನಿನ್ನ ಆಫೀಸಿನ ಒಂಬತ್ತು ಮಂದಿಗೂ ಸಾಕಾಗುವಷ್ಟು. ಡಬ್ಬಿ ಬಿಚ್ಚಿ ಟೇಬಲ್ ಮೇಲಿಡು, ಅವರೇ ತಗೋತಾರೆ.

ಇಂತಿ ನಿನ್ನ
ಅಪ್ಪ