ಗಣಪತಿ ಹಬ್ಬದ ಮುಂದೆ ಸಾಗವಾನಿಗೆ ಪಾಲಿಶ್ ಬೇಡ

ಮಾನ್ಯರೇ,

ಶ್ರಾವಣ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಸುಣ್ಣ-ಬಣ್ಣದ ಗಡಿಬಿಡಿ. ಗೋಡೆ ಮುಗಿಸಿದ ಪೇಂಟರ್‌ಗೆ ‘ಹಂಗ ಆ ಅಜ್ಜನ ಕಾಲದ ಕಪಾಟಿಗೂ ಒಂದು ಕೈ ಪಾಲಿಶ್ ಹೊಡದುಬಿಡ್ರಿ’ ಎನ್ನುವುದು ರೂಢಿ. ಆತ ಕಾಸ್ಟಿಕ್ ಸೋಡಾ ಬಳಿದು ಹಳೆಯದನ್ನು ಕೆರೆದು, ಮೇಲೆ ವಾರ್ನಿಷ್ ಎಳೆದು ಎರಡು ದಿನದಲ್ಲಿ ಒಪ್ಪಿಸುತ್ತಾನೆ. ಹಬ್ಬಕ್ಕೆ ಫಳಫಳ ಹೊಳೆದದ್ದು ಕೆಲವೇ ತಿಂಗಳಲ್ಲಿ ಬಿಳಿಚಿ, ಸಿಪ್ಪೆ ಏಳುತ್ತದೆ. ಬೈಗಳು ಪೇಂಟರ್‌ಗೆ. ನಿಜವಾಗಿ ತಪ್ಪಿದ್ದು ಹಂಗಾಮು.

ಪಾಲಿಶ್ ಕರಗಿಸುವ ಸ್ಪಿರಿಟ್ ಅಥವಾ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಮಳೆಗಾಲದ ಹಸಿ ಗಾಳಿಯ ತೇವ ಅಲ್ಲೇ ಕೂತು ಪಾಲಿಶಿನೊಳಗೆ ಸಿಕ್ಕಿಕೊಂಡು ಕೆನೆಗಟ್ಟಿದಂತೆ ಬೆಳ್ಳಗಾಗುತ್ತದೆ. ಕಟ್ಟಿಗೆಯೂ ಆಗ ಉಬ್ಬಿರುತ್ತದೆ; ಶ್ರಾವಣದಲ್ಲಿ ಬಿರುಕಿಗೆ ತುಂಬಿದ ಪುಟ್ಟಿ ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿದಾಗ ಅಂಚು ಬಿಡುತ್ತದೆ. ಗದಗಿನ ಕಡೆ ಮಳೆ ಕಡಿಮೆ ನಿಜ, ಆದರೂ ಮೋಡ ಕವಿದ ದಿನ ಬೇಡ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಇಬ್ಬನಿ ಆರಿದ ಮೇಲೆ ಹತ್ತರಿಂದ ನಾಲ್ಕರ ಹೊತ್ತು ಚಲೋ. ಏಪ್ರಿಲ್-ಮೇ ಬಿಸಿಲಿಗೆ ಸ್ಪಿರಿಟ್ ಪಾಲಿಶ್ ಹಚ್ಚುವ ಅರಿವೆಯಲ್ಲೇ ಆರಿ, ಕೈಯಾಡಿಸಿದಲ್ಲೆಲ್ಲ ಗೆರೆ ಮೂಡುತ್ತದೆ.

ಕೆರೆಯುವ ಮೊದಲು ಮೇಲಿರುವುದು ಏನೆಂದು ನೋಡಬೇಕು. ಕಪಾಟಿನ ಹಿಂಬದಿಯ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಬಿಟ್ಟು ನಿಮಿಷ ಕಾಯಿರಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಅಲುಗದಿದ್ದರೆ ಎಣ್ಣೆ ವಾರ್ನಿಷ್, ಎನಾಮೆಲ್ ಅಥವಾ ಪಿಯು (ಪಾಲಿಯುರಿಥೇನ್). ಹಳೆಯ ಕುರ್ಚಿ, ಪಲ್ಲಂಗ, ಕಪಾಟುಗಳ ಮೇಲೆ ಬಹುಪಾಲು ಇರುವುದು ಅರಗೇ. ಅದಾಗಿದ್ದರೆ ಪೂರ್ತಿ ಕೆರೆಯುವ ಕೆಲಸವೇ ಇಲ್ಲ. ಟರ್ಪೆಂಟೈನ್‌ನಲ್ಲಿ ಅದ್ದಿದ ಅರಿವೆಯಿಂದ ಜಿಡ್ಡು, ಹೊಗೆಮಸಿ ಒರೆಸಿ ಒಣಗಿಸಿ, ಮೇಲೆ ತೆಳುವಾಗಿ ಹೊಸ ಅರಗು ಹಾಕಿದರೆ ಹಳೆಯದು ಕರಗಿ ಅದರೊಂದಿಗೇ ಬೆರೆಯುತ್ತದೆ. ಬಿಸಿ ಲೋಟದ ಬಿಳಿ ಬಳೆ ಇದ್ದರೆ ಸ್ಪಿರಿಟ್ ತಾಗಿಯೂ ತಾಗದಂತಿರುವ ಅರಿವೆಯನ್ನು ಮೇಲಿಂದ ಆಡಿಸಿದರೆ ಸಾಕು, ಮಾಯವಾಗುತ್ತದೆ.

ಕಪ್ಪು ಕಲೆ ಹಾಗಲ್ಲ. ಅದು ಕಬ್ಬಿಣ ಮತ್ತು ನೀರು ಕಟ್ಟಿಗೆಯ ಒಗರಿನೊಡನೆ ಕೂಡಿ ಆದದ್ದು, ಕಟ್ಟಿಗೆಯೊಳಗೇ ಇರುತ್ತದೆ. ಪಾಲಿಶ್ ತೆಗೆದ ಮೇಲೆ ಅರ್ಧ ಲೀಟರ್ ಬಿಸಿನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಕಲೆಯ ಮೇಲಷ್ಟೇ ಅಲ್ಲ, ಇಡೀ ಹಲಗೆಗೆ ಬಳಿಯಬೇಕು. ಇಲ್ಲದಿದ್ದರೆ ಅಲ್ಲೊಂದು ಬಿಳಿ ತೇಪೆ ಉಳಿಯುತ್ತದೆ. ಆಮೇಲೆ ಅಡುಗೆ ಸೋಡಾದ ನೀರಿನಿಂದ, ಕೊನೆಗೆ ಬರೀ ನೀರಿನಿಂದ ಒರೆಸಿ ಎರಡು ದಿನ ನೆರಳಲ್ಲಿ ಒಣಗಿಸಿ. ಈ ಆಮ್ಲ ವಿಷ. ಕೈಗವಸು ಬೇಕು, ಒಣಗಿ ಉಳಿದ ಪುಡಿಯನ್ನು ತೊಳೆಯದೆ ಉಜ್ಜಬಾರದು.

ಲೇಪ ತೆಗೆಯಲೇಬೇಕಾದಲ್ಲಿ ಪೇಂಟ್ ರಿಮೂವರ್ ಬಳಸಿ, ಹದಿನೈದು ನಿಮಿಷ ಬಿಟ್ಟು ಮೊಂಡ ಪಟ್ಟಿಯಿಂದ ಎತ್ತಿ. ಕೆಲಸ ಬಯಲಲ್ಲೇ ಆಗಬೇಕು. ಕಾಸ್ಟಿಕ್ ಅಗ್ಗ, ಆದರೆ ಸಾಗವಾನಿಯನ್ನು ಕಪ್ಪಗೆ ಮಾಡುತ್ತದೆ, ಎಳೆ ಎಬ್ಬಿಸುತ್ತದೆ, ಚರ್ಮದಿಂದ ಮಾಡಿದ ಹಳೆಯ ಅಂಟನ್ನು ಕರಗಿಸಿ ಕಾಲು-ಕೈ ಸಡಿಲಿಸುತ್ತದೆ. ಸಂದಿಯಲ್ಲಿ ಉಳಿದ ಸೋಡಾ ಮುಂದೆ ಹೊಸ ವಾರ್ನಿಷ್ಷನ್ನೇ ಎಬ್ಬಿಸುತ್ತದೆ. ಗ್ರೈಂಡರ್ ಅಂತೂ ಬೇಡವೇ ಬೇಡ. ಕೆತ್ತನೆಯ ಅಂಚು ಒಮ್ಮೆ ದುಂಡಗಾದರೆ ಯಾವ ಬಡಗಿಯೂ ಮರಳಿ ತರಲಾರ.

ಉಜ್ಜುವ ಕಾಗದ ಮೊದಲು 120 ನಂಬರ್‌ದು, ಆಮೇಲೆ 180, ಕೊನೆಗೆ 220. ಎಳೆಯ ಗುಂಟವೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಬರೀ ಒಣ ಕಟ್ಟಿಗೆಯಲ್ಲಿ ಕಾಣದು, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ತೂತು-ಬಿರುಕಿಗೆ ಚಾಕ್‌ಪುಡಿಯ ಲಾಂಬಿ (ಪುಟ್ಟಿ) ತುಂಬಿದರೆ ಬಿಳಿ ಚುಕ್ಕಿ ಉಳಿಯುತ್ತದೆ. ಅದೇ ಕಟ್ಟಿಗೆಯ ನುಣುಪು ಪುಡಿಯನ್ನು ಸ್ಪಿರಿಟ್‌ನಲ್ಲಿ ಮಂದವಾಗಿ ಕರಗಿಸಿದ ಅರಗಿನಲ್ಲಿ ಕಲಸಿ ತುಂಬಿ.

ಪಾಲಿಶ್ ಮನೆಯಲ್ಲೇ ಆಗುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಚಪಡಾ (ಚಕ್ಕೆ) ಅರಗು, ಗಾಜಿನ ಬಾಟಲಿಯಲ್ಲಿ, ಒಂದು ರಾತ್ರಿ. ಕಬ್ಬಿಣದ ಡಬ್ಬಿಯಲ್ಲಿ ಕಪ್ಪಾಗುತ್ತದೆ. ತೆಳು ಅರಿವೆಯಲ್ಲಿ ಸೋಸಿ. ಆರು ತಿಂಗಳು ದಾಟಿದ್ದನ್ನು ಗಾಜಿನ ಚೂರಿನ ಮೇಲೆ ಹಚ್ಚಿ ನೋಡಿ, ಮರುದಿನವೂ ಉಗುರು ಇಳಿದರೆ ಚೆಲ್ಲಿಬಿಡಿ. ಎಷ್ಟು ಕಾದರೂ ಅದು ಗಟ್ಟಿಯಾಗದು. ಹಳೆಯ ಧೋತರದ ತುಂಡಿನಲ್ಲಿ ಅರಳೆ ಕಟ್ಟಿ, ಅರಗಿನಲ್ಲಿ ಅದ್ದಿ, ಹಿಂಡಿ, ತಳಕ್ಕೆ ಒಂದೇ ಹನಿ ಎಣ್ಣೆ ಸವರಿ ಉದ್ದಕ್ಕೆ ಎಳೆಯಿರಿ. ಕೈ ನಡುವೆ ನಿಂತರೆ ಅಲ್ಲೇ ಅಂಟಿ ಗಾಯವಾಗುತ್ತದೆ. ಮುಕ್ಕಾಲು ಗಂಟೆಗೊಂದರಂತೆ ದಿನಕ್ಕೆ ಮೂರು-ನಾಲ್ಕು ಕೈ, ಮರುದಿನ 320ರ ಕಾಗದ ಹಗುರಾಗಿ ಆಡಿಸಿ ಮತ್ತೆ ಮೂರು. ಒಲೆ, ಬೀಡಿ, ದೀಪ ಹತ್ತಿರ ಬರಕೂಡದು.

ಅರಗಿಗೆ ಬದಲು ಅಗಸಿ ಎಣ್ಣೆ ಒರೆಸುವವರೂ ಇದ್ದಾರೆ. ನಮ್ಮ ಗಾಣದ ಹಸಿ ಎಣ್ಣೆ ಆರಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಧೂಳು ಹಿಡಿಯುತ್ತದೆ; ಹಾರ್ಡ್‌ವೇರ್ ಅಂಗಡಿಯ ಬಾಯಿಲ್ಡ್ ಎಣ್ಣೆಯೇ ಸರಿ. ಆ ಎಣ್ಣೆ ಅರಿವೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ. ಊಟದ ಮೇಜಿಗೆ ಮಾತ್ರ ಅರಗು ತಡೆಯದು, ಪಿಯು ಬೇಕು. ಆದರೆ ಚಪಡಾದಲ್ಲಿ ಮೇಣವಿರುವುದರಿಂದ ಅದರ ಮೇಲೆ ಪಿಯು ಸರಿಯಾಗಿ ಹಿಡಿಯದು, ಹಳೆಯದನ್ನು ಪೂರ್ತಿ ತೆಗೆಯಬೇಕು.

ಹಳೆಯ ಎಣ್ಣೆಬಣ್ಣ ಬಳಿದ ಸಾಮಾನಿದ್ದರೆ ಒಣ ಉಜ್ಜಾಟ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿಯನ್ನು 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮಾಡಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಬಣ್ಣದ ಧೂಳನ್ನು ಸೀಸದ್ದೆಂದೇ ಎಣಿಸಬೇಕು. ನೀರು ಹಚ್ಚಿ ಉಜ್ಜಿ, ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಾಮಾನಿಗೆ ಕೈ ಹಚ್ಚಬೇಡಿ: ಕಲಘಟಗಿಯ ತೊಟ್ಟಿಲು. ಅದರ ಚಿತ್ತಾರ ಅರಗಿನ ಬಣ್ಣದ್ದು, ಸ್ಪಿರಿಟ್ ತಾಗಿದರೆ ಚಿತ್ರವೇ ಎದ್ದು ಅರಿವೆಗೆ ಬರುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ. ಬಣ್ಣ ಹೋದಲ್ಲಿ ಅದನ್ನು ಬರೆಯುವ ಚಿತ್ರಗಾರರಿಗೇ ಕೊಡಿ, ಮನೆಗೆ ಬಂದ ಪೇಂಟರ್‌ಗಲ್ಲ.

– ಒಬ್ಬ ಓದುಗ, ಧಾರವಾಡ