ನೀವು ಕಳಿಸಿದ ಆರ್ಕಿಡ್ ಜೊತೆ ಬಂದ ಸ್ಕೇಲ್ ಹುಳ, ನೀವು ಹೇಳಿದ ತಪ್ಪು ಔಷಧಿ - ದೂರು

ಗೆ,
ಕಸ್ಟಮರ್ ಕೇರ್ ವಿಭಾಗ

ವಿಷಯ: ಕ್ಯಾಟ್ಲಿಯಾ ಗಿಡದ ಹಣ ವಾಪಸ್ ಮತ್ತು "ರಿಸಾಲ್ವ್ಡ್" ಅಂತ ಕ್ಲೋಸ್ ಮಾಡಿರೋ ಟಿಕೆಟ್ ಮತ್ತೆ ಓಪನ್ ಮಾಡೋ ಬಗ್ಗೆ

ನಮಸ್ಕಾರ ಸರ್/ಮೇಡಂ,

ನಿಮ್ಮ ಹತ್ರ ಆನ್‌ಲೈನಲ್ಲಿ ಮೂರು ಆರ್ಕಿಡ್ ತರಿಸಿದ್ದೆ, ಎರಡು ಫೆಲನಾಪ್ಸಿಸ್ ಒಂದು ಕ್ಯಾಟ್ಲಿಯಾ. ಪ್ಯಾಕಿಂಗ್ ಚೆನ್ನಾಗಿತ್ತು, ಗಿಡ ಮುರಿದಿರ್ಲಿಲ್ಲ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಆಮೇಲೆ ಆಗಿದ್ದರ ಬಗ್ಗೆ.

ಗಿಡ ಬಂದ ನಾಲ್ಕನೇ ದಿನ ನೀರು ಹಾಕುವಾಗ ಕ್ಯಾಟ್ಲಿಯಾ ಎಲೆ ಅಡಿಯಲ್ಲಿ, ನಡು ನರದ ಪಕ್ಕಪಕ್ಕದಲ್ಲೇ, ಬಿಳಿ ಹತ್ತಿ ಎಳೆ ಥರ ಏನೋ ಅಂಟ್ಕೊಂಡಿದ್ದು ಕಾಣಿಸ್ತು. ಅವತ್ತೇ ಫೋಟೋ ತೆಗೆದು ನಿಮ್ಮ ಚಾಟ್‌ಗೆ ಹಾಕ್ದೆ. ನಿಮ್ಮವರು ಎರಡು ನಿಮಿಷದಲ್ಲಿ ಉತ್ತರ ಕೊಟ್ರು, ಇದು ಫಂಗಸ್, ತೇವ ಜಾಸ್ತಿಯಾಗಿದೆ, ನಮ್ಮದೇ ಫಂಗಿಸೈಡ್ ಇದೆ ವಾರಕ್ಕೊಂದ್ಸಲ ಹೊಡೀರಿ ಅಂತ, ಜೊತೆಗೆ ಅದನ್ನ ಕೊಂಡ್ಕೊಳ್ಳೋ ಲಿಂಕು. ನಾನೂ ನಂಬ್ದೆ. ಗಿಡ ಮಾರೋರಿಗಿಂತ ನಂಗೆ ಜಾಸ್ತಿ ಗೊತ್ತಿರುತ್ತಾ ಅಂದ್ಕೊಂಡು ನಾಲ್ಕು ವಾರ ತಪ್ಪದೆ ಹೊಡೆದೆ, ನೀರು ಕಮ್ಮಿ ಮಾಡ್ದೆ, ಫ್ಯಾನ್ ಇಟ್ಟೆ. ಬಿಳಿ ಕಮ್ಮಿ ಆಗೋದಿರ್ಲಿ, ಎಲೆ ಮೇಲ್ಭಾಗದಲ್ಲಿ ಹಳದಿ ಮಚ್ಚೆ ಶುರುವಾಯ್ತು, ಪಕ್ಕದಲ್ಲಿದ್ದ ಒಂದು ಫೆಲನಾಪ್ಸಿಸ್‌ಗೂ ಹತ್ತಿತು.

ಕೊನೆಗೆ ನಾನೇ ಉಗುರಲ್ಲಿ ಕೆರೆದು ನೋಡ್ದೆ. ಹತ್ತಿ ಥರ ಇದ್ದಿದ್ದರ ಪಕ್ಕದಲ್ಲಿ ಚಪ್ಪಟೆ, ದುಂಡಗಿನ, ಸಣ್ಣ ಚಿಪ್ಪುಗಳು, ಒಂದೊಂದನ್ನ ಎತ್ತಿದ್ರೆ ಅಡಿಯಲ್ಲಿ ಹಳದಿ ಬಣ್ಣದ ಮೆತ್ತನೆ ಹುಳ. ಫಂಗಸ್‌ಗೆ ಚಿಪ್ಪು ಎಲ್ಲಿಂದ ಬರುತ್ತೆ ಸ್ವಾಮಿ? ಇದು ಶಲ್ಕ ಕೀಟ, ಎಲ್ರೂ ಸ್ಕೇಲ್ ಅಂತೀವಲ್ಲ ಅದು, ಅದ್ರಲ್ಲೂ ಆರ್ಕಿಡ್ ಬೆಳೆಸೋರ ಮಾಮೂಲಿ ಶತ್ರು ಬೋಯಿಸ್‌ಡುವಲ್ ಸ್ಕೇಲ್. ದುಂಡಗಿರೋದು ಹೆಣ್ಣು, ಬಿಳಿ ಹತ್ತಿ ಥರ ಗುಂಪು ಕಟ್ಟೋದು ಗಂಡು ಹುಳದ ಚಿಪ್ಪುಗಳು. ಬೂಸ್ಟು ಅಂತ ತಪ್ಪು ತಿಳಿಯೋದು ಸಹಜ, ಒಪ್ತೀನಿ, ನಾನೂ ಮೋಸ ಹೋದೆ. ಆದ್ರೆ ದಿನಾ ಆರ್ಕಿಡ್ ಮಾರೋರು ಒಂದ್ಸಲ ಉಗುರಲ್ಲಿ ಕೆರೆದು ನೋಡಿ ಅಂತಾದ್ರೂ ಹೇಳ್ಬಹುದಿತ್ತು. ಶಿಲೀಂಧ್ರನಾಶಕ ಹುಳಕ್ಕೆ ಏನೂ ಮಾಡಲ್ಲ, ಆ ಒಂದು ತಿಂಗಳು ಅವು ಆರಾಮಾಗಿ ಸಂಸಾರ ಬೆಳೆಸ್ಕೊಂಡ್ವು ಅಷ್ಟೇ.

ಇದನ್ನ ಹೇಳಿ ಎರಡನೇ ಸಲ ನಿಮ್ಮನ್ನ ಕೇಳ್ದೆ. ಸಾರಿ ಕೂಡ ಇಲ್ಲ, ಈ ಸಲ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಇರೋ ಹರಳು ಔಷಧಿ ಪಾಟ್‌ಗೆ ಹಾಕಿ, ಬೇರಿಂದ ಒಳಗೆ ಹೋಗಿ ಎಲ್ಲ ಸಾಯಿಸುತ್ತೆ ಅಂದ್ರಿ. ಅದನ್ನೂ ತಗೊಂಡೆ (ಪೆದ್ದು ಅಂದ್ರೆ ನಾನೇ). ಮೂರು ವಾರ ಆದ್ರೂ ಹುಳ ಕದಲ್ಲಿಲ್ಲ. ಆಮೇಲೆ ಓದಿ ತಿಳ್ಕೊಂಡಿದ್ದು ಏನಂದ್ರೆ ಸ್ಕೇಲ್‌ನಲ್ಲಿ ಮೆತ್ತನೆ ಜಾತಿ ಬೇರೆ, ಗಟ್ಟಿ ಚಿಪ್ಪಿನ ಜಾತಿ ಬೇರೆ. ಮೆತ್ತನೇದು ಗಿಡದ ಸಿಹಿರಸ ಹರಿಯೋ ನಾಳಕ್ಕೇ ಬಾಯಿ ಹಾಕುತ್ತೆ, ಅದಕ್ಕೇ ಎಲೆ ಎಲ್ಲ ಅಂಟಂಟಾಗಿ ಇರುವೆ ಬರುತ್ತೆ, ಅದಕ್ಕೆ ಈ ಔಷಧಿ ಕೆಲಸ ಮಾಡುತ್ತೆ. ಗಟ್ಟಿ ಚಿಪ್ಪಿಂದು (ಬೋಯಿಸ್‌ಡುವಲ್ ಈ ಗುಂಪಿಗೇ ಸೇರಿದ್ದು) ನಾಳ ಮುಟ್ಟದೆ ಎಲೆಯ ಜೀವಕೋಶಗಳಿಂದ ರಸ ಹೀರುತ್ತೆ, ಅಂಟೂ ಬಿಡಲ್ಲ, ಹಾಗಾಗಿ ಇಮಿಡಾಕ್ಲೋಪ್ರಿಡ್ ಅದರ ಮೇಲೆ ಅಷ್ಟಾಗಿ ನಡೆಯಲ್ಲ. ನನ್ನ ಗಿಡದಲ್ಲಿ ಅಂಟಿಲ್ಲ, ಇರುವೆ ಇಲ್ಲ ಅಂತ ಚಾಟ್‌ನಲ್ಲಿ ಬರೆದಿದ್ದೆ, ಓದಿದ್ರೆ ತಾನೇ. ಅದಕ್ಕೂ ಮುಂಚೆ ಒಂದ್ಸಲ ಫೆಲನಾಪ್ಸಿಸ್ ಹೂವಿನ ದಂಟಲ್ಲಿ ಸಿಹಿ ಹನಿ ನೋಡಿ ಗಾಬರಿಯಾಗಿ ಕೇಳಿದ್ದಾಗ, ಅದು ಗಿಡವೇ ಬಿಡೋ ರಸ ಹೆದರ್ಬೇಡಿ ಅಂತ ನಿಮ್ಮಲ್ಲೇ ಯಾರೋ ಸರಿಯಾಗಿ ಹೇಳಿದ್ರು. ಗೊತ್ತಿರೋರು ಇದ್ದಾರೆ ಅಂತಾಯ್ತು, ಅವರನ್ನ ಇದಕ್ಕೆ ಯಾಕೆ ಕೂರಿಸ್ಲಿಲ್ಲ?

ಈಗ ಮೂರನೇದು, ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಇದಕ್ಕೆ. ಹಣ ವಾಪಸ್ ಕೇಳಿದ್ರೆ, ಗ್ಯಾರಂಟಿ ಏಳೇ ದಿನ, ಹುಳ ನಿಮ್ಮ ಮನೇಲೇ ಬಂದಿರ್ಬೇಕು ಅಂತ ಉತ್ತರ ಬರೆದು ಟಿಕೆಟ್ ಕ್ಲೋಸ್. ನನ್ನ ಮೊದಲ ಫೋಟೋ ನಾಲ್ಕನೇ ದಿನದ್ದು, ದಿನಾಂಕ ನಿಮ್ಮ ಚಾಟ್‌ನಲ್ಲೇ ಇದೆ. ಇನ್ನೊಂದು ವಿಷಯ, ಈ ಜಾತಿಯ ಹೆಣ್ಣು ಹುಳ ಮೊಟ್ಟೆಯಿಂದ ಹೊರಗೆ ಬಂದ ಹೊಸದರಲ್ಲಿ ಮಾತ್ರ ಓಡಾಡುತ್ತೆ, ಒಂದು ಕಡೆ ಕೂತು ಚಿಪ್ಪು ಕಟ್ಕೊಂಡ್ಮೇಲೆ ಅದಕ್ಕೆ ಕಾಲೇ ಇರಲ್ಲ, ಕೂತಲ್ಲೇ ಜೀವನ. ಆ ಚಿಪ್ಪು ಬೆಳೆಯೋಕೆ ವಾರಗಟ್ಟಲೆ ಬೇಕು. ನಾಲ್ಕು ದಿನದಲ್ಲಿ ನನ್ನ ಕಿಟಕಿ ಹತ್ರ ಹುಟ್ಟಿ, ಬೆಳೆದು, ಗುಂಪು ಕಟ್ಕೊಂಡು ಕೂರೋಕೆ ಅದೇನು ಜಾದೂನಾ? ಸಾಲದ್ದಕ್ಕೆ ಕ್ಯಾಟ್ಲಿಯಾ ಸೂಡೋಬಲ್ಬ್ (ಎಲೆ ಬುಡದಲ್ಲಿ ದಪ್ಪಗಿರೋ ಕಾಂಡ) ಮೇಲಿನ ಒಣಗಿದ ಹೊದಿಕೆ ಸುಲಿದು ನೋಡಿದ್ರೆ ಅಡಿಯಲ್ಲಿ ಒಂದರ ಮೇಲೊಂದು ಹಳೇ ಸತ್ತ ಚಿಪ್ಪುಗಳ ಪದರ. ಅಲ್ಲಿ ತಿಂಗಳುಗಟ್ಟಲೆ ಕೂತಿತ್ತು ಅದು. ಪ್ಯಾಕ್ ಮಾಡೋ ಮುಂಚೆ ಒಂದು ಹೊದಿಕೆ ಸುಲಿದು ನೋಡಿದ್ರೆ ಸಾಕಿತ್ತು.

ಈಗ ನಾನೇ ಒದ್ದಾಡ್ತಿದೀನಿ. 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ ಒಂದೊಂದೇ ಚಿಪ್ಪು ಒರೆಸೋದು, ಸಂದಿಗಳಿಗೆ ಮೆತ್ತನೆ ಟೂತ್‌ಬ್ರಷ್, ಫೆಲನಾಪ್ಸಿಸ್ ನೆತ್ತಿಯಲ್ಲಿ (ಎಲೆಗಳು ಕೂಡೋ ನಡು ಜಾಗ) ದ್ರವ ನಿಂತ್ರೆ ಕೊಳೆಯುತ್ತೆ ಅಂತ ಟಿಶ್ಯೂ ಹಿಡ್ಕೊಂಡು ಒತ್ತೋದು, ಪಾಟ್‌ನಲ್ಲಿ ಮಣ್ಣಿನ ಬದಲು ತುಂಬಿದ್ದ ಹಳೇ ತೊಗಟೆ ಪೂರ್ತಿ ತೆಗೆದು ಹೊಸದು ಹಾಕಿದ್ದು, ಹತ್ತು ದಿನಕ್ಕೊಂದ್ಸಲ ಮತ್ತೆ ಮೊದಲಿಂದ ಯಾಕಂದ್ರೆ ಚಿಪ್ಪಿನ ಅಡಿ ಉಳಿದ ಮೊಟ್ಟೆ ಒಡೆದು ಹೊಸ ಮರಿ ಬರ್ತಾನೇ ಇರುತ್ತೆ. ಸತ್ತ ಚಿಪ್ಪು ಎಲೆ ಮೇಲೇ ಅಂಟಿರೋದ್ರಿಂದ ಯಾವುದು ಬದುಕಿದೆ ಅಂತ ಒತ್ತಿ ನೋಡ್ಬೇಕು, ರಸ ಬಂದ್ರೆ ಬದುಕಿದೆ. ಭಾನುವಾರ ಪೂರ್ತಿ ಇದೇ ಕೆಲಸ. ಫೆಲನಾಪ್ಸಿಸ್ ಉಳಿಯೋ ಥರ ಕಾಣುತ್ತೆ. ಕ್ಯಾಟ್ಲಿಯಾ ಕೈಬಿಟ್ಟೆ, ಬ್ಯಾಗಲ್ಲಿ ಕಟ್ಟಿ ಎಸೆದಾಯ್ತು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಕ್ಯಾಟ್ಲಿಯಾ ಹಣ ಪೂರ್ತಿ ವಾಪಸ್ ಬೇಕು, ನಿಮ್ಮ ಮಾತು ಕೇಳಿ ತಗೊಂಡ ಎರಡೂ ಔಷಧಿಗಳ ಹಣನೂ ಬೇಕು. ಮುಂದಿನ ಆರ್ಡರ್‌ಗೆ ಕೂಪನ್ ಕೊಡ್ತೀವಿ ಅಂತ ಮೂಗಿಗೆ ತುಪ್ಪ ಸವರೋದು ಬೇಡ, ಆ ಕೂಪನ್‌ನಲ್ಲಿ ಇನ್ನೊಂದು ಹುಳದ ಗಿಡ ತರಿಸೋ ಧೈರ್ಯ ನಂಗಿಲ್ಲ. ಅದೇ ಲಾಟ್‌ನ ಕ್ಯಾಟ್ಲಿಯಾ ಇನ್ನೂ ನಿಮ್ಮ ಸೈಟಲ್ಲಿ "ಆರೋಗ್ಯವಂತ ಗಿಡ" ಅಂತ ಮಾರಾಟಕ್ಕಿದೆ, ದಯವಿಟ್ಟು ಅದನ್ನ ನಿಲ್ಲಿಸಿ ಒಂದ್ಸಲ ಹೊದಿಕೆ ಸುಲಿದು ನೋಡಿ, ಹೊಸ ಗಿಡನ ಕೆಲವು ವಾರ ಬೇರೆ ಇಡಿ ಅಂತ ಒಂದು ಚೀಟಿನಾದ್ರೂ ಬಾಕ್ಸ್ ಒಳಗೆ ಹಾಕಿ. ಆ ಚೀಟಿ ಇದ್ದಿದ್ರೆ ನನ್ನ ಫೆಲನಾಪ್ಸಿಸ್‌ಗೆ ಹತ್ತುತ್ತಿರ್ಲಿಲ್ಲ.

ಹತ್ತು ದಿನದೊಳಗೆ ಉತ್ತರ ಬೇಕು, ಬರ್ಲಿಲ್ಲ ಅಂದ್ರೆ ಗ್ರಾಹಕರ ದೂರು ತಗೊಳ್ಳೋ ಕಡೆ ಹೋಗ್ತೀನಿ. ಮತ್ತೆ "ಸ್ಪಷ್ಟವಾದ ಫೋಟೋ ಕಳಿಸಿ" ಅಂತ ಮಾತ್ರ ಕೇಳ್ಬೇಡಿ, ಟಿಕೆಟ್‌ನಲ್ಲಿ ಈಗಾಗ್ಲೇ ಹನ್ನೊಂದು ಇವೆ.

ಇಂತಿ,
ನಿಮ್ಮ ಗ್ರಾಹಕ (ಸದ್ಯಕ್ಕೆ)