ಸ್ಕ್ಯಾನ್‌ಗೆ ಮೊದಲು ಮನುಷ್ಯನನ್ನು ನೋಡು

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ರೇಡಿಯಾಲಜಿ ಓದುತ್ತಿರುವ ನೀನು, ನಡುಕ, ಕೊರಿಯಾ (ಕೈಕಾಲು ತಾನಾಗಿಯೇ ಕುಣಿದಂತೆ ಅಲ್ಲಾಡುವ ತೊಂದರೆ) ಇರುವವರ ಎಂಆರ್‌ಐ ನೋಡಿ ನೋಡಿ ಬೇಜಾರಾಗಿದೆ, ಏನೂ ಸಿಗುವುದಿಲ್ಲ ಎಂದು ಬರೆದಿದ್ದೀಯ. ಸಿಗದೇ ಇರುವುದೇ ಅಲ್ಲಿ ಜಾಸ್ತಿ ಕಣೋ. ಪಾರ್ಕಿನ್ಸನ್ ಕಾಯಿಲೆಯ ಶುರುವಿನಲ್ಲಿ ಮಾಮೂಲಿ ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ಕೆಲಸ ಮಾಡುವಾಗ ಕೈ ನಡುಗುವ ಎಸೆನ್ಷಿಯಲ್ ಟ್ರೆಮರ್‌ನಲ್ಲೂ ಅಷ್ಟೇ. ಆದರೆ ನೀನು ಸುಮ್ನೆ 'ನಾರ್ಮಲ್' ಎಂದು ಬರೆದರೆ ಮನೆಯವರು ಕಾಯಿಲೆಯೇ ಇಲ್ಲ ಎಂದುಕೊಳ್ಳುತ್ತಾರೆ. 'ಪಾರ್ಕಿನ್ಸನ್ ಇಲ್ಲವೆಂದು ಇದರಿಂದ ಹೇಳಲಾಗದು' ಎಂದು ಒಂದು ಸಾಲು ಸೇರಿಸು.

ಚಿತ್ರ ತೆರೆಯುವ ಮೊದಲು ಮೂರು ವಿಷಯ ಕೇಳಿಕೋ. ಯಾವ ಕಡೆಯ ಕೈಕಾಲು? ದಿಢೀರನೆ ಶುರುವಾಯಿತೋ, ನಿಧಾನವಾಗಿಯೋ? ಯಾವ ಮಾತ್ರೆ ತಿನ್ನುತ್ತಿದ್ದಾರೆ? ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಪಾರ್ಕಿನ್ಸನ್‌ನಂತೆಯೇ ಕಾಣಿಸುವ ತೊಂದರೆ ತರಬಲ್ಲದು. ಅದನ್ನು ಎಂಆರ್‌ಐ ತೋರಿಸುವುದಿಲ್ಲ, ಮಾತ್ರೆಯ ಚೀಟಿ ತೋರಿಸುತ್ತದೆ.

ಕಡೆ ಯಾಕೆ ಮುಖ್ಯ ಅಂದರೆ, ಒಂದೇ ಕಡೆಯ ಕೈಕಾಲು ಎತ್ತೆತ್ತಿ ಎಸೆಯುತ್ತಿದ್ದರೆ ಮಿದುಳಿನ ಎದುರು ಕಡೆಯ ಸಬ್‌ಥಲಾಮಿಕ್ ನ್ಯೂಕ್ಲಿಯಸ್ (ಚಲನೆಗೆ ಕಡಿವಾಣ ಹಾಕುವ ಪುಟ್ಟ ಭಾಗ) ಹುಡುಕಬೇಕು. ಅಲ್ಲಿನ ಪುಟ್ಟ ಸ್ಟ್ರೋಕ್ ಅವಸರದ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು, ಸಕ್ಕರೆ ಕಾಯಿಲೆಯ ವಯಸ್ಸಾದವರಲ್ಲಿ ಸಕ್ಕರೆ ತೀರಾ ಏರಿದಾಗ ಬರುವ ಕೊರಿಯಾ. ಎಂಆರ್‌ಐನ ಟಿ1 ಎಂಬ ಬಗೆಯ ಚಿತ್ರದಲ್ಲಿ ಎದುರು ಕಡೆಯ ಪುಟಮೆನ್ (ಮಿದುಳಿನ ಆಳದಲ್ಲಿ ಚಲನೆ ನೋಡಿಕೊಳ್ಳುವ ಭಾಗ) ಬೆಳ್ಳಗೆ ಹೊಳೆಯುತ್ತದೆ. ಸಿಟಿಯಲ್ಲೂ ಬೆಳ್ಳಗೆ ಕಾಣುವುದರಿಂದ ರಕ್ತಸ್ರಾವ ಎಂದು ಬರೆದುಬಿಡುವ ಅಪಾಯವಿದೆ. ಆ ಬಿಳುಪು ಪುಟಮೆನ್‌ನ ಆಕಾರವನ್ನೇ ಹಿಡಿದಿದೆಯಾ, ಸುತ್ತ ಊತವಿಲ್ಲವಾ ಎಂದು ನೋಡು. ಅನುಮಾನ ಬಂದರೆ ರಕ್ತದ ಸಕ್ಕರೆ ಎಷ್ಟು ಎಂದು ವಾರ್ಡಿಗೆ ಫೋನ್ ಮಾಡಿ ಕೇಳು. ಸಕ್ಕರೆ ಹತೋಟಿಗೆ ಬಂದರೆ ಬಹಳಷ್ಟು ಜನರಲ್ಲಿ ಆ ಚಲನೆ ತಗ್ಗುತ್ತದೆ.

ಚಿಕ್ಕ ವಯಸ್ಸಿನವರ ಪುಟಮೆನ್, ಥಲಾಮಸ್, ಮಿಡ್‌ಬ್ರೈನ್ ಎಂಬ ಮಿದುಳಿನ ಭಾಗಗಳು ಟಿ2 ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ ಎರಡೂ ಕಡೆ ಬದಲಾಗಿದ್ದರೆ 'ವಿಲ್ಸನ್ ಕಾಯಿಲೆ ಇರಬಹುದು' ಎಂದು ವರದಿಯ ಮೊದಲ ಸಾಲಿನಲ್ಲೇ ಬರೆ. ತಾಮ್ರ ಸೇರಿಕೊಂಡು ಬರುವ ಈ ಕಾಯಿಲೆಗೆ ಔಷಧಿ ಇದೆ, ತಡವಾದಷ್ಟೂ ನಷ್ಟ. ಇದರಲ್ಲಿ ಮಿಡ್‌ಬ್ರೈನ್ ಕೆಲವೊಮ್ಮೆ ತೋರುವ ಪಾಂಡಾ ಮುಖದಂಥ ಗುರುತು ಕಾಣಲಿಲ್ಲವೆಂದು ಕೈಬಿಡಬೇಡ. ಪಾಂಡಾ, ಹುಲಿಯ ಕಣ್ಣು, ಹಮ್ಮಿಂಗ್‌ಬರ್ಡ್... ನಮ್ಮವರು ಮಿದುಳಿನಲ್ಲೊಂದು ಮೃಗಾಲಯವನ್ನೇ ಕಟ್ಟಿದ್ದಾರೆ! ಪರೀಕ್ಷೆಗೆ ಬಾಯಿಪಾಠ ಮಾಡು, ಆದರೆ ಅವೇ ಸಿಗಲಿ ಎಂದು ಕಾಯುತ್ತಾ ಕೂರಬೇಡ.

ಮಿದುಳಿನ ಆಳದ ಕಾಡೇಟ್ ಎಂಬ ಭಾಗ ಸವೆದಿರುವುದು ಕಂಡಾಗ ಮಾತ್ರ ಕೈ ತಡೆ. ಅದು ವಂಶದಲ್ಲಿ ಹರಿದುಬರುವ ಹಂಟಿಂಗ್ಟನ್ ಕಾಯಿಲೆ ಇರಬಹುದು. ಅದರ ಜೀನ್ 1993ರಲ್ಲೇ ಸಿಕ್ಕಿದೆ, ತೀರ್ಮಾನ ಆ ಪರೀಕ್ಷೆಯದು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆ ಹೆಸರನ್ನು ಮಕ್ಕಳು ಮೊದಲು ನಿನ್ನ ವರದಿಯಲ್ಲಿ ಓದುವಂತಾಗಬಾರದು, ಅಲ್ವಾ? ಮೊದಲು ನರರೋಗ ತಜ್ಞರ ಹತ್ತಿರ ಮಾತಾಡು.

ಡ್ಯಾಟ್‌ಸ್ಕ್ಯಾನ್ ಬಗ್ಗೆ ಕೇಳಿದ್ದೀಯ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿದ ಪರೀಕ್ಷೆ ಅದು. ಚಲನೆಗೆ ಬೇಕಾದ ಡೋಪಮಿನ್ ರಾಸಾಯನಿಕ ಬಿಡುವ ಮಿದುಳಿನ ನರಗಳ ತುದಿ ಚೆನ್ನಾಗಿದ್ದರೆ ಅಲ್ಪವಿರಾಮ ಚಿಹ್ನೆಯಂತೆ ಕಾಣುತ್ತದೆ, ಸವೆದಿದ್ದರೆ ಚುಕ್ಕೆಯಾಗುತ್ತದೆ. ಎಸೆನ್ಷಿಯಲ್ ಟ್ರೆಮರ್ರೋ ಪಾರ್ಕಿನ್ಸನ್ನೋ ಎಂಬ ಗೊಂದಲಕ್ಕೆ ಒಳ್ಳೆಯದು. ಪಾರ್ಕಿನ್ಸನ್ನೋ ಪಿಎಸ್‌ಪಿಯೋ (ಪಾರ್ಕಿನ್ಸನ್‌ನಂತೆ ಕಾಣುವ ಇನ್ನೊಂದು ಕಾಯಿಲೆ) ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ, ಎರಡರಲ್ಲೂ ಕೆಟ್ಟಿರುತ್ತದೆ.

ಇನ್ನು ಸ್ಕ್ಯಾನ್ ತೆಗೆಯುವ ಕೋಣೆ. ಅಲ್ಲಾಡಬೇಡಿ ಎಂದು ಈ ರೋಗಿಗಳಿಗೆ ಗದರುವ ಟೆಕ್ನಿಷಿಯನ್ನರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಲ್ಲಿಸಲು ಆಗಿದ್ದರೆ ಅವರು ಯಾಕೆ ಬರುತ್ತಿದ್ದರು? ತಲೆಯ ಪಕ್ಕ ಮೆತ್ತೆ ಇಡಿಸು, ಬೇಕೇಬೇಕಾದ ಚಿತ್ರವನ್ನು ಮೊದಲು ತೆಗೆಸು. ಸಾಲದಿದ್ದರೆ ಅರಿವಳಿಕೆ ವೈದ್ಯರನ್ನು ಕರೆ, ನಿದ್ದೆ ಹತ್ತಿದರೆ ಹೆಚ್ಚಿನ ಚಲನೆಗಳು ತಗ್ಗುತ್ತವೆ. ಡಿಬಿಎಸ್ (ಮಿದುಳಿಗೆ ವಿದ್ಯುತ್ ಮಿಡಿತ ಕೊಡುವ ಸಾಧನ) ಹಾಕಿಸಿಕೊಂಡವರಾದರೆ ಸಾಧನದ ಮಾಡೆಲ್ ಯಾವುದು, ಯಾವ ಮಿತಿಯಲ್ಲಿ ಎಂಆರ್‌ಐ ಮಾಡಬಹುದು ಎಂದು ತಿಳಿಯುವವರೆಗೆ ಒಳಗೆ ಬಿಡಬೇಡ. ಎಷ್ಟೇ ಅವಸರ ಮಾಡಿದರೂ ಸರಿ.

ಇತಿ,
ನಿನ್ನ ದೊಡ್ಡಪ್ಪ